ಗಾಡಿ ಬಿಸಿಯಾದರೆ ನೀರು ಸುರಿದು ಸುಮ್ಮನಾಗಬೇಡಿ



ಕೆಚ್ಚಲು ಬಾವು, ಕಾಲುಬಾಯಿ ಜ್ವರ ಬಿಟ್ಟು ಈ ಸಲ ಪಶುವೈದ್ಯರು ಗಾಡಿಯ ಎಂಜಿನ್ ಬಗ್ಗೆ ಬರೆದಿದ್ದಾರಲ್ಲ ಎಂದು ನಿಮಗೆ ಅನಿಸಬಹುದು. ಅದಕ್ಕೆ ಕಾರಣವಿದೆ.

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಫೋನು ಬಂತು. ಹಸು ಬೆಳಗಿನಿಂದ ತಿಣುಕುತ್ತಿದೆ, ಕರುವಿನ ಎರಡು ಕಾಲು ಕಾಣುತ್ತಿವೆ, ಮೂತಿ ಕಾಣುತ್ತಿಲ್ಲ ಎಂದರು. ಕರುವಿನ ತಲೆ ಹಿಂದಕ್ಕೆ ತಿರುಗಿರಬೇಕು ಎಂದುಕೊಂಡು ತಕ್ಷಣ ಹೊರಟೆ. ನನ್ನದು ಅಪ್ಪನ ಕಾಲದ ಡೀಸೆಲ್ ಜೀಪು. ಊರು ಇನ್ನೂ ಆರು ಕಿಲೋಮೀಟರ್ ಇರುವಾಗ ಏರಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಹೋಯಿತು, ಬಾನೆಟ್ ಸಂದಿಯಿಂದ ಹಬೆ ಎದ್ದಿತು. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತು, ಕೊನೆಗೆ ಯಾರದೋ ಬೈಕ್ ಹತ್ತಿ ಹೋದೆ. ಹಸು ಉಳಿಯಿತು. ಕರು ಉಳಿಯಲಿಲ್ಲ.

ಆ ಮನೆಯ ಅಮ್ಮ ನನ್ನನ್ನು ಬೈಯಲಿಲ್ಲ. ಕೈ ತೊಳೆಯಲು ನೀರು ಹಾಕುತ್ತಾ, "ಗಾಡಿ ಎಷ್ಟು ದಿನದಿಂದ ಹಿಂಗೆ ಮಾಡ್ತಿತ್ತು ಡಾಕ್ಟ್ರೇ?" ಎಂದು ಕೇಳಿದರು. ಮೂರು ವಾರದಿಂದ ಎಂದೆ. ಮೂರು ವಾರ ದಿನಾ ಬೆಳಿಗ್ಗೆ ರೇಡಿಯೇಟರ್‌ಗೆ ಒಂದು ಬಾಟಲಿ ನೀರು ಸುರಿದು ಗಾಡಿ ತೆಗೆಯುತ್ತಿದ್ದೆ. ನಿಮ್ಮ ಕೊಟ್ಟಿಗೆಗೆ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆಯೂ ಅದೇ: ಎಷ್ಟು ದಿನದಿಂದ? ಮೂರು ದಿನದಿಂದ ಮೇವು ಬಿಟ್ಟಿದೆ ಎಂದರೆ, ಮೊದಲೇ ಯಾಕೆ ಕರೆಯಲಿಲ್ಲ ಎಂದು ಗದರುವವನೂ ನಾನೇ. ನನ್ನ ಗಾಡಿಗೆ ಆ ಪ್ರಶ್ನೆ ಕೇಳಿಕೊಂಡಿರಲಿಲ್ಲ. ಮರುದಿನ ಗ್ಯಾರೇಜಿನಲ್ಲಿ ನೋಡಿದರೆ ಕೆಟ್ಟಿದ್ದು ಒಂದು ರಬ್ಬರ್ ಪೈಪು. ಕ್ಲಿಪ್ ಹತ್ತಿರ ಸೀಳಿತ್ತು, ಅಷ್ಟೆ.

ನಿಮ್ಮಲ್ಲಿ ಬಹಳ ಮನೆಗಳಲ್ಲಿ ಮೇವು, ಹಿಂಡಿ, ಹಾಲಿನ ಕ್ಯಾನು ಸಾಗಿಸುವ ಹಳೆಯ ಗೂಡ್ಸ್ ಗಾಡಿಯೋ ಜೀಪೋ ಇದೆ. ಓಡಿಸುವವರು ನೀವಾಗಿರಲಿ, ಮನೆಯವರಾಗಿರಲಿ, ಬೆಳಿಗ್ಗೆ ಅದಕ್ಕೆ ನೀರು ಹಾಕುವ ಕೆಲಸ ಅನೇಕ ಕಡೆ ನಿಮ್ಮ ಪಾಲಿಗೇ ಬಂದಿರುತ್ತದೆ. ಆದ್ದರಿಂದ ಇದನ್ನು ನಿಮಗೇ ಬರೆಯುತ್ತಿದ್ದೇನೆ. ಕೊನೆಯಲ್ಲಿ ಕರುಗಳಿಗೆ ಸಂಬಂಧಿಸಿದ ಒಂದು ಎಚ್ಚರಿಕೆಯೂ ಇದೆ, ಅದನ್ನು ಬಿಡದೆ ಓದಿ.

ಎಂಜಿನ್ ತಂಪಾಗುವುದು ಹೇಗೆ?

ಎಂಜಿನ್ ಒಳಗೆ ಡೀಸೆಲ್ಲೋ ಪೆಟ್ರೋಲೋ ಉರಿಯುತ್ತಲೇ ಇರುತ್ತದೆ. ಆ ಬೆಂಕಿಯ ಶಾಖವನ್ನು ಹೊರಗೆ ಸಾಗಿಸದಿದ್ದರೆ ಕಬ್ಬಿಣವೇ ಬಾಗುತ್ತದೆ. ಸಾಗಿಸುವ ಕೆಲಸ ನೀರಿನದು. ವಾಟರ್ ಪಂಪ್ ನೀರನ್ನು ಎಂಜಿನ್ ಸುತ್ತಲಿನ ದಾರಿಗಳಲ್ಲಿ ಹರಿಸುತ್ತದೆ. ಬಿಸಿಯಾದ ನೀರು ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರ್‌ಗೆ ಬಂದು, ಸಣ್ಣ ಸಣ್ಣ ಕೊಳವೆಗಳಲ್ಲಿ ಇಳಿಯುವಾಗ ಗಾಳಿಗೆ ಆರಿ, ಕೆಳಗಿನ ಪೈಪಿನಿಂದ ಮತ್ತೆ ಎಂಜಿನ್‌ಗೆ ಹೋಗುತ್ತದೆ. ಗಾಡಿ ನಿಂತಾಗಲೂ ಗಾಳಿ ಸಿಗಲಿ ಎಂದು ಫ್ಯಾನ್ ಇದೆ.

ನಡುವೆ ಥರ್ಮೋಸ್ಟಾಟ್ ಎಂಬ ಸಣ್ಣ ಬಾಗಿಲು ಇದೆ. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿರುತ್ತದೆ, ನೀರು 80ರಿಂದ 90 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತೆರೆಯುತ್ತದೆ. ಹಸುವಿನ ಮೈ ಬಿಸಿ ಸುಮಾರು 38.5 ಡಿಗ್ರಿಯಲ್ಲಿ ಇರಬೇಕಾದ ಹಾಗೆ ಎಂಜಿನ್‌ಗೂ ಅದರದೇ ಆದ ಹದವಿದೆ. ತೀರಾ ತಣ್ಣಗಿದ್ದರೂ ಒಳ್ಳೆಯದಲ್ಲ.

ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳವಲ್ಲ. ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಕುಕ್ಕರ್‌ನಲ್ಲಿ ಆಗುವಂತೆ ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳದ ರಬ್ಬರ್ ಹಳತಾದರೆ ಆ ಒತ್ತಡ ನಿಲ್ಲದೆ ನೀರು ಬೇಗ ಕುದಿದು ಹೊರಗೆ ಚೆಲ್ಲುತ್ತದೆ.

ಕೆಲವು ಹಳೆಯ ಗೂಡ್ಸ್ ಆಟೋಗಳಿಗೆ ರೇಡಿಯೇಟರೇ ಇರುವುದಿಲ್ಲ, ಅವು ಗಾಳಿಯಿಂದಲೇ ತಂಪಾಗುತ್ತವೆ. ಅಂಥ ಗಾಡಿ ಬಿಸಿಯಾದರೆ ಎಂಜಿನ್ ಮೇಲಿನ ಪಟ್ಟಿಗಳ ನಡುವೆ ಕೆಸರು, ಹುಲ್ಲು ಕೂತಿದೆಯೇ, ಎಂಜಿನ್ ಆಯಿಲ್ ಕಡಿಮೆಯಾಗಿದೆಯೇ ನೋಡಿ. ಮುಂದೆ ಹೇಳುವುದು ನೀರು ಹಾಕುವ ಗಾಡಿಗಳಿಗೆ.

ಯಾವಾಗ ಬಿಸಿಯಾಗುತ್ತದೆ?

ಜ್ವರ ಒಂದು ಲಕ್ಷಣ, ರೋಗವಲ್ಲ. ಗಾಡಿ ಬಿಸಿಯಾಗುವುದೂ ಹಾಗೆಯೇ. ಯಾವ ಹೊತ್ತಿನಲ್ಲಿ ಬಿಸಿಯಾಗುತ್ತದೆ ಎಂದು ಗಮನಿಸಿದರೆ ಅರ್ಧ ಕಾರಣ ಅಲ್ಲೇ ಸಿಗುತ್ತದೆ.

1. ನಿಂತಾಗ, ಸಂತೆಯ ಗದ್ದಲದಲ್ಲಿ ನಿಧಾನ ಹೋಗುವಾಗ ಬಿಸಿ, ರಸ್ತೆಯಲ್ಲಿ ಓಡುವಾಗ ಸರಿ: ಫ್ಯಾನ್ ಮೇಲೆ ಅನುಮಾನ ಪಡಿ. ಓಡುವಾಗ ಎದುರು ಗಾಳಿ ಸಿಗುತ್ತದೆ, ನಿಂತಾಗ ಫ್ಯಾನ್ ಒಂದೇ ಗತಿ. ಬೆಲ್ಟಿನಿಂದ ತಿರುಗುವ ಫ್ಯಾನ್ ಆದರೆ ಬೆಲ್ಟ್ ಸಡಿಲವಾಗಿರಬಹುದು. ಕರೆಂಟ್ ಫ್ಯಾನ್ ಆದರೆ ಫ್ಯೂಸ್, ಸ್ವಿಚ್ ಅಥವಾ ಮೋಟಾರ್ ಕೆಟ್ಟಿರಬಹುದು.

2. ಏರಿನಲ್ಲಿ, ಲೋಡ್ ಹಾಕಿದಾಗ, ಜೋರಾಗಿ ಓಡಿಸಿದಾಗ ಬಿಸಿ: ರೇಡಿಯೇಟರ್ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಮೇವು ಸಾಗಿಸುವ ಗಾಡಿಗಳಲ್ಲಿ ರಾಗಿ ಹುಲ್ಲಿನ ಚೂರು, ಧೂಳು, ಹುಳ ಸೇರಿ ರೇಡಿಯೇಟರ್ ಮುಂದೆ ಕಂಬಳಿ ಹೊದಿಸಿದಂತೆ ಆಗಿರುತ್ತದೆ. ಹೊರಗೆ ಚೊಕ್ಕವಾಗಿದ್ದರೆ ಒಳಗಿನ ಕೊಳವೆಗಳಲ್ಲಿ ತುಕ್ಕು, ಉಪ್ಪು ಕಟ್ಟಿರಬಹುದು. ನೀರು ಕಡಿಮೆ ಇದ್ದರೂ, ವಾಟರ್ ಪಂಪ್ ಸವೆದಿದ್ದರೂ ಹೀಗಾಗುತ್ತದೆ.

3. ಹೊರಟ ಐದು ಹತ್ತು ನಿಮಿಷಕ್ಕೇ ಬಿಸಿ: ಮೊದಲು ನೀರು ಇದೆಯೇ ನೋಡಬೇಕು. ನೀರು ತುಂಬಿದ್ದೂ ಹೀಗಾದರೆ ಥರ್ಮೋಸ್ಟಾಟ್ ಮುಚ್ಚಿದಲ್ಲೇ ಸಿಕ್ಕಿಕೊಂಡಿರಬಹುದು. ಆಗ ಮುಳ್ಳು ಮೇಲೇರಿದ್ದರೂ ರೇಡಿಯೇಟರ್ ಮತ್ತು ಕೆಳಗಿನ ಪೈಪು ತಣ್ಣಗೇ ಇರುತ್ತವೆ.

4. ಎಷ್ಟು ಓಡಿಸಿದರೂ ಮುಳ್ಳು ಮೇಲೇಳುವುದೇ ಇಲ್ಲ: ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಅಥವಾ ಹಿಂದೆ ಯಾರೋ ಅದನ್ನು ಕಿತ್ತು ಹಾಕಿದ್ದಾರೆ, ಇಲ್ಲವೇ ಮೀಟರ್ ಕೆಟ್ಟಿದೆ. ನಮ್ಮದು ಬಿಸಿಲ ಸೀಮೆ, ಅದು ಬೇಡ ಎಂದು ಕೆಲವರು ತೆಗೆಸುತ್ತಾರೆ. ಎಂಜಿನ್ ಹದಕ್ಕೆ ಬರದೆ ಓಡಿದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಹೊಸದು ಹಾಕಿಸಿ.

5. ಮುಳ್ಳು ಒಮ್ಮೆ ಮೇಲೆ ಒಮ್ಮೆ ಕೆಳಗೆ ಆಡುತ್ತದೆ: ನೀರು ಕಡಿಮೆಯಾಗಿ ನಡುವೆ ಗಾಳಿ ಸೇರಿದೆ. ನೀರು ಪೂರ್ತಿ ಖಾಲಿಯಾದರೆ ಮುಳ್ಳು ಕೆಳಗೇ ಬಿದ್ದಿರಬಹುದು, ಏಕೆಂದರೆ ಮೀಟರಿನ ಸೆನ್ಸರ್‌ಗೆ ಮುಟ್ಟಲು ಬಿಸಿ ನೀರೇ ಇರುವುದಿಲ್ಲ. ಹಬೆ ಕಂಡರೆ, ಸುಟ್ಟ ವಾಸನೆ ಬಂದರೆ ಮುಳ್ಳನ್ನು ನಂಬಬೇಡಿ.

6. ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡು, ಜೊತೆಗೇ ಮುಳ್ಳೂ ಏರಿದರೆ: ಬೆಲ್ಟ್ ತುಂಡಾಗಿರಬಹುದು. ಬಹಳ ಗಾಡಿಗಳಲ್ಲಿ ಒಂದೇ ಬೆಲ್ಟ್ ವಾಟರ್ ಪಂಪನ್ನೂ ಬ್ಯಾಟರಿ ಚಾರ್ಜ್ ಮಾಡುವ ಡೈನಮೋವನ್ನೂ ತಿರುಗಿಸುತ್ತದೆ. ಅಲ್ಲೇ ನಿಲ್ಲಿಸಬೇಕು, ಮನೆವರೆಗೆ ಹೋಗೋಣ ಎನ್ನಬಾರದು.

ಇದನ್ನೆಲ್ಲ ನೋಡುವಾಗ ಒಂದು ಮಾತು. ಸೆರಗು, ದುಪಟ್ಟಾ, ಜಡೆ ಬಿಗಿದು ಕಟ್ಟಿಕೊಳ್ಳಿ. ಎಂಜಿನ್ ಓಡುವಾಗ ಬೆಲ್ಟ್, ಫ್ಯಾನ್ ಹತ್ತಿರ ಕೈ ಹಾಕಬೇಡಿ. ಕರೆಂಟ್ ಫ್ಯಾನ್ ಎಂಜಿನ್ ನಿಲ್ಲಿಸಿದ ಮೇಲೂ ತಾನಾಗಿ ತಿರುಗಬಹುದು.

ಹಾಕಿದ ನೀರು ಎಲ್ಲಿಗೆ ಹೋಗುತ್ತಿದೆ?

ಸರಿಯಿರುವ ಗಾಡಿಗೆ ದಿನಾ ನೀರು ಬೇಕಾಗುವುದಿಲ್ಲ. ವಾರಕ್ಕೊಮ್ಮೆ ಬಾಟಲಿ ನೀರು ಹಿಡಿಯುತ್ತಿದೆ ಎಂದರೂ ಅದು ಎಲ್ಲೋ ಹೋಗುತ್ತಿದೆ ಎಂದೇ ಅರ್ಥ. ಒಂದೋ ಹೊರಗೆ, ಇಲ್ಲವೇ ಎಂಜಿನ್ ಒಳಗೆ.

ಹೊರಗಿನ ಸೋರಿಕೆ ಹುಡುಕಲು ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟನ್ನೋ, ಬಿಡಿಸಿದ ಪಶು ಆಹಾರದ ಚೀಲವನ್ನೋ ಹಾಸಿ. ಬೆಳಿಗ್ಗೆ ಎಲ್ಲಿ ಹನಿ ಬಿದ್ದಿದೆ ನೋಡಿ. ಹಸಿರು, ಕೆಂಪು ಅಥವಾ ಕಿತ್ತಳೆ ಬಣ್ಣದ ಜಾರುವ ಹನಿ ಕೂಲೆಂಟ್‌ನದು. ಕಪ್ಪು ಜಿಡ್ಡು ಎಂಜಿನ್ ಆಯಿಲ್. ಎಸಿ ಇರುವ ಗಾಡಿಯಾದರೆ ತಿಳಿ ನೀರು ಬೀಳುವುದು ಸಹಜ. ಏನೇ ಆಗಲಿ, ನಾಲಿಗೆಗೆ ಮುಟ್ಟಿಸಿ ನೋಡಬೇಡಿ.

ಎಂಜಿನ್ ಪೂರ್ತಿ ಆರಿದ ಮೇಲೆ ಪೈಪುಗಳನ್ನು ಹಿಸುಕಿ ನೋಡಿ. ತೀರಾ ಮೆತ್ತಗಾಗಿದ್ದರೆ, ಊದಿದ್ದರೆ, ಕ್ಲಿಪ್ ಹತ್ತಿರ ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ರೇಡಿಯೇಟರ್ ಪಟ್ಟಿಗಳ ಮೇಲೆ, ವಾಟರ್ ಪಂಪ್ ಕೆಳಗೆ ಬಿಳಿ ಅಥವಾ ಹಸಿರು ಕಲೆ ಒಣಗಿ ಕೂತಿದ್ದರೆ ಅಲ್ಲಿ ಸೋರುತ್ತಿದೆ. ಓಡುವಾಗ ಮಾತ್ರ ಸೋರಿ, ಬಿಸಿಗೆ ಆರಿಹೋಗುವ ತೂತುಗಳಿಗೆ ಈ ಕಲೆಯೇ ಗುರುತು.

ಹೊರಗೆ ಎಲ್ಲೂ ಹನಿಯಿಲ್ಲ, ಆದರೂ ನೀರು ಕಡಿಮೆಯಾಗುತ್ತಿದೆ ಎಂದರೆ ಇನ್ನೂ ಹೆಚ್ಚು ಎಚ್ಚರ ಬೇಕು. ಎಂಜಿನ್‌ನ ತಲೆಭಾಗಕ್ಕೂ ಕೆಳಭಾಗಕ್ಕೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಎಂಬ ಹಾಳೆ ಸುಟ್ಟಿರಬಹುದು. ಅದರ ಗುರುತುಗಳು ಇವು:

ಆಯಿಲ್ ನೋಡುವ ಕಡ್ಡಿಯಲ್ಲಿ ಅಥವಾ ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿಯಂಥ ಬಣ್ಣ.

ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ನಿಲ್ಲದೆ ಬರುವ ದಟ್ಟ ಬಿಳಿ ಹೊಗೆ.

ಬೆಳಿಗ್ಗೆ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಗಾಡಿ ಚಾಲೂ ಮಾಡಿದರೆ ನೀರಿನಲ್ಲಿ ಒಂದೇ ಸಮನೆ ಏಳುವ ಗುಳ್ಳೆ.

ಇವುಗಳಲ್ಲಿ ಒಂದು ಕಂಡರೂ ಓಡಿಸಬೇಡಿ, ಮೆಕ್ಯಾನಿಕ್ ಅನ್ನು ಮನೆಗೇ ಕರೆಸಿ. ಹಾಗೇ ಓಡಿಸಿದರೆ ಎಂಜಿನ್ ತಲೆಭಾಗ ಬಾಗುತ್ತದೆ. ಪೈಪು ಬದಲಿಸುವುದು ಒಂದು ಬಟವಾಡೆಯಲ್ಲಿ ತೀರುವ ಖರ್ಚು. ಎಂಜಿನ್ ಬಿಚ್ಚಿಸುವುದು ಎಷ್ಟೋ ಬಟವಾಡೆಗಳನ್ನು ನುಂಗುವ ಖರ್ಚು.

ಸೋರಿಕೆ ನಿಲ್ಲಲಿ ಎಂದು ರೇಡಿಯೇಟರ್‌ಗೆ ಅರಿಶಿನ ಪುಡಿ ಹಾಕುವವರಿದ್ದಾರೆ. ಸಣ್ಣ ತೂತು ತಾತ್ಕಾಲಿಕವಾಗಿ ಮುಚ್ಚಬಹುದು. ಆದರೆ ಅದೇ ಪುಡಿ ಒಳಗಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ

ಎಸಿ ಇದ್ದರೆ ಆರಿಸಿ. ಗಾಡಿಯನ್ನು ಪಕ್ಕಕ್ಕೆ ತೆಗೆದು ಎಂಜಿನ್ ನಿಲ್ಲಿಸಿ. ಹಬೆ ಬರುತ್ತಿದ್ದರೆ ಬಾನೆಟ್ಟನ್ನೂ ತಕ್ಷಣ ಎತ್ತಬೇಡಿ, ಹಬೆ ನಿಲ್ಲಲಿ. ಕನಿಷ್ಠ ಅರ್ಧದಿಂದ ಮುಕ್ಕಾಲು ಗಂಟೆ ಕಾಯಿರಿ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಸೀಟಿ ಹೊಡೆಯುವ ಕುಕ್ಕರ್ ಮುಚ್ಚಳ ಯಾರೂ ಬಲವಂತದಿಂದ ತೆಗೆಯುವುದಿಲ್ಲ, ಇದೂ ಹಾಗೆ. ಕುದಿನೀರು ಮುಖಕ್ಕೆ, ಕಣ್ಣಿಗೆ, ಎದೆಗೆ ಚಿಮ್ಮುತ್ತದೆ. ಪೂರ್ತಿ ಆರಿದ ಮೇಲೆ ದಪ್ಪ ಬಟ್ಟೆ ಹಿಡಿದು, ಮುಖ ಪಕ್ಕಕ್ಕೆ ತಿರುಗಿಸಿ, ಸ್ವಲ್ಪವೇ ತಿರುಗಿಸಿ. ಸುಯ್ ಎಂದರೆ ಅಲ್ಲೇ ನಿಲ್ಲಿಸಿ.

ಕಾದ ಎಂಜಿನ್ ಮೇಲೆ ತಣ್ಣೀರು ಎರಚಬೇಡಿ, ಒಳಗೂ ಒಮ್ಮೆಲೇ ಸುರಿಯಬೇಡಿ. ಕಾದ ಕಬ್ಬಿಣ ಬಿರುಕು ಬಿಡುತ್ತದೆ. ಆರಿದ ಮೇಲೆ ನಿಧಾನವಾಗಿ ತುಂಬಿಸಿ, ಹತ್ತಿರದ ಗ್ಯಾರೇಜ್‌ವರೆಗೆ ಮಾತ್ರ ಮುಳ್ಳು ನೋಡುತ್ತಾ ಹೋಗಿ.

ಗಾಡಿಯಲ್ಲಿ ಹಾಲು ಇದ್ದರೆ ಎಂಜಿನ್ ಆರಲಿ ಎಂದು ಕಾಯಬೇಡಿ. ಮೊದಲು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿ, ಬೇರೆ ಗಾಡಿ ತರಿಸಿ. ಕರೆದ ಹಾಲು ಬಿಎಂಸಿಗೆ ಸೇರಿ 4 ಡಿಗ್ರಿಗೆ ಇಳಿಯುವವರೆಗಿನ ಹೊತ್ತೇ ಹಾಲಿಗೆ ಅಪಾಯದ ಹೊತ್ತು. ಬೆಚ್ಚಗಿನ ಹಾಲಿನಲ್ಲಿ ಕೆಲವು ಸೂಕ್ಷ್ಮಾಣುಗಳು ಅರ್ಧ ಗಂಟೆಯೊಳಗೇ ದುಪ್ಪಟ್ಟಾಗುತ್ತವೆ. ಕ್ಯಾನುಗಳನ್ನು ನೆರಳಿಗಿಟ್ಟು ಒದ್ದೆ ಗೋಣಿಚೀಲ ಸುತ್ತಿ. ಹಾಲಿಗೆ ಐಸ್, ಸೋಡಾ ಏನನ್ನೂ ಹಾಕಬೇಡಿ. ರೇಡಿಯೇಟರ್‌ಗೆ ನೀರು ತರಲು ಹಾಲಿನ ಕ್ಯಾನು, ಅದರ ಮುಚ್ಚಳ, ಅಳತೆ ಪಾತ್ರೆ ಬಳಸಲೇಬೇಡಿ. ಗಾಡಿಯಲ್ಲಿ ಬೇರೆಯದೇ ಒಂದು ಬಾಟಲಿ ಇರಲಿ.

ಯಾವ ನೀರು ಹಾಕಬೇಕು?

ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಕಾಯಿಸಿದ ಹಂಡೆಯ ತಳ ನೋಡಿದ್ದೀರಲ್ಲ, ಬಿಳಿ ಪದರ ಕಟ್ಟಿರುತ್ತದೆ. ಅದೇ ಪದರ ರೇಡಿಯೇಟರ್ ಕೊಳವೆಗಳಲ್ಲೂ ಕಟ್ಟುತ್ತದೆ. ಹಂಡೆಯನ್ನು ಉಜ್ಜಬಹುದು, ಆ ಸಣ್ಣ ಕೊಳವೆಗಳನ್ನು ಉಜ್ಜಲಾಗುವುದಿಲ್ಲ. ಆದ್ದರಿಂದ ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ, ಗಾಡಿಯ ಕೈಪಿಡಿಯಲ್ಲಿ ಹೇಳಿದ ಅಳತೆಯಲ್ಲಿ ಬೆರೆಸಿ ಹಾಕಿಸಿ. ಡಿಸ್ಟಿಲ್ಡ್ ವಾಟರ್ ಎಂದರೆ ಬ್ಯಾಟರಿಗೆ ಹಾಕುವ ನೀರು, ಆಸಿಡ್ ಅಲ್ಲ. ಕೂಲೆಂಟ್ ನೀರಿನ ಕುದಿಯುವ ಮಟ್ಟ ಏರಿಸುತ್ತದೆ, ತುಕ್ಕು ತಡೆಯುತ್ತದೆ. ದಾರಿಯಲ್ಲಿ ಕೆಟ್ಟು ನಿಂತಾಗ ಸಿಕ್ಕಿದ ಶುದ್ಧ ನೀರು ಹಾಕಿದರೆ ತಪ್ಪಿಲ್ಲ. ಆಮೇಲೆ ಅದನ್ನು ತೆಗೆಸಿ ಸರಿಯಾದದ್ದನ್ನು ತುಂಬಿಸಿ.

ಕೂಲೆಂಟ್ ಸಿಹಿ ವಿಷ: ಕರು, ನಾಯಿ, ಮಕ್ಕಳು ಜೋಪಾನ

ಪಶುವೈದ್ಯನಾಗಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದು. ಸಾಮಾನ್ಯವಾಗಿ ಸಿಗುವ ಕೂಲೆಂಟ್‌ನಲ್ಲಿ ಎಥಿಲೀನ್ ಗ್ಲೈಕಾಲ್ ಇರುತ್ತದೆ. ಅದರ ರುಚಿ ಸಿಹಿ. ಅಂಗಳದಲ್ಲಿ ಸೋರಿದ ಹಸಿರು ನೀರನ್ನು ನಾಯಿ, ಬೆಕ್ಕು ನೆಕ್ಕುತ್ತವೆ. ಎಲ್ಲದಕ್ಕೂ ಬಾಯಿ ಹಾಕುವ ಕರುವೂ ನೆಕ್ಕುತ್ತದೆ. ನೀರು ಬೆರೆಸದ ಕೂಲೆಂಟ್ ಒಂದು ಟೀ ಚಮಚದಷ್ಟು ಹೊಟ್ಟೆಗೆ ಹೋದರೂ ಬೆಕ್ಕು ಸಾಯಬಹುದು. ಹಾಲು ಕುಡಿಯುವ ಕರುವಿಗೆ, ಮೈಭಾರಕ್ಕೆ ಹೋಲಿಸಿದರೆ, ದೊಡ್ಡ ಹಸುವಿಗಿಂತ ಕಡಿಮೆ ಪ್ರಮಾಣವೇ ವಿಷವಾಗುತ್ತದೆ.

ಕುಡಿದ ಕೆಲವೇ ಗಂಟೆಗಳಲ್ಲಿ ಪ್ರಾಣಿ ಅಮಲೇರಿದಂತೆ ತೂರಾಡುತ್ತದೆ. ನಾಯಿ ವಾಂತಿ ಮಾಡಬಹುದು, ಹೆಚ್ಚು ನೀರು ಕುಡಿಯಬಹುದು. ಕರು ಬೇಗ ಬೇಗ ಉಸಿರಾಡುತ್ತದೆ, ಹಿಂಗಾಲು ಸೋತು ಮಲಗುತ್ತದೆ. ನಾಯಿಯಲ್ಲಿ ನಡುವೆ ಗುಣವಾದಂತೆ ಕಾಣುವುದುಂಟು. ಅದನ್ನು ನಂಬಬೇಡಿ. ಅಷ್ಟರಲ್ಲಿ ಲಿವರ್ ಆ ದ್ರವವನ್ನು ಇನ್ನೂ ಕೆಟ್ಟ ವಿಷವಾಗಿ ಬದಲಿಸುತ್ತಿರುತ್ತದೆ. ಅದರಿಂದಾದ ಹರಳುಗಳು ಮೂತ್ರಪಿಂಡದಲ್ಲಿ ಕೂತು, ಒಂದರಿಂದ ಮೂರು ದಿನದಲ್ಲಿ ಮೂತ್ರ ಕಟ್ಟಿ ಪ್ರಾಣಿ ಸಾಯುತ್ತದೆ. ಚಿಕಿತ್ಸೆ ಫಲಿಸುವುದು ಮೊದಲ ಕೆಲವು ಗಂಟೆಗಳಲ್ಲಿ.

ಆದ್ದರಿಂದ ನೆಕ್ಕಿದ್ದು ಕಂಡರೆ ಲಕ್ಷಣಕ್ಕೆ ಕಾಯದೆ ಪಶುವೈದ್ಯರಿಗೆ ಅಥವಾ 1962ಕ್ಕೆ ಕರೆ ಮಾಡಿ. "ಕೂಲೆಂಟ್ ನೆಕ್ಕಿದೆ" ಎಂದು ಮೊದಲ ಮಾತಿನಲ್ಲೇ ಹೇಳಿ. ಅದು ಗೊತ್ತಾಗದಿದ್ದರೆ ಮಲಗಿದ ಕರುವನ್ನು ನೋಡಿ ನಾವು ಬೇರೆ ಹತ್ತು ಕಾರಣ ಹುಡುಕುತ್ತಾ ಹೊತ್ತು ಕಳೆಯುತ್ತೇವೆ. ಎಣ್ಣೆ, ಉಪ್ಪು ನೀರು ಬಲವಂತವಾಗಿ ಕುಡಿಸಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗು ಕುಡಿದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ, ಡಬ್ಬವನ್ನೂ ಜೊತೆಗೆ ತೆಗೆದುಕೊಂಡು ಹೋಗಿ.

ಚೆಲ್ಲಿದ ಕೂಲೆಂಟ್ ಮೇಲೆ ಮಣ್ಣು, ಮರಳು ಅಥವಾ ಬೂದಿ ಹಾಕಿ ಹೀರಿಸಿ, ಗುಡಿಸಿ ಚೀಲಕ್ಕೆ ತುಂಬಿ, ಆ ಜಾಗವನ್ನು ತೊಳೆದು ಒಣಗಿಸಿ. ಒಣಗುವವರೆಗೆ ಕರು, ನಾಯಿ ಅತ್ತ ಸುಳಿಯದಿರಲಿ. ಸೋರಿಕೆ ನೋಡಲು ಹಾಸಿದ ಚೀಲವನ್ನೂ ಬೆಳಿಗ್ಗೆಯೇ ತೆಗೆಯಿರಿ, ಮತ್ತೆ ಮೇವಿಗೆ ಬಳಸಬೇಡಿ. ಹಳೆಯ ಕೂಲೆಂಟನ್ನು ತಿಪ್ಪೆಗೆ, ಚರಂಡಿಗೆ, ಕೆರೆ ಅಂಚಿಗೆ ಸುರಿಯದೆ ಗ್ಯಾರೇಜಿಗೆ ಒಪ್ಪಿಸಿ. ಖಾಲಿ ಡಬ್ಬದಲ್ಲಿ ಗಂಜಿ, ಹಾಲು, ಖನಿಜ ಮಿಶ್ರಣ ಯಾವುದನ್ನೂ ಇಡಬೇಡಿ.

ವಾರಕ್ಕೊಮ್ಮೆ ಹತ್ತು ನಿಮಿಷ

ಬೆಳಗಿನ ಹಾಲು ಹಾಕಿ ಬಂದ ಮೇಲೆ, ಎಂಜಿನ್ ಆರಿದಾಗ:

ನೀರಿನ ಬಾಟಲಿಯಲ್ಲಿ ಮಟ್ಟ ಎರಡು ಗೆರೆಗಳ ನಡುವೆ ಇದೆಯೇ?

ಪೈಪು, ಕ್ಲಿಪ್ ಗಟ್ಟಿಯಾಗಿವೆಯೇ? ಬೆಲ್ಟ್ ಬಿರುಕು ಬಿಟ್ಟಿದೆಯೇ, ಸಡಿಲವಾಗಿದೆಯೇ?

ರೇಡಿಯೇಟರ್ ಮುಂದೆ ಹುಲ್ಲು, ಧೂಳು ಕೂತಿದೆಯೇ? ಮೆತ್ತನೆಯ ಬ್ರಷ್, ಹದವಾದ ನೀರಿನಿಂದ ತೊಳೆಯಿರಿ. ಜೋರಾಗಿ ಬಿಟ್ಟರೆ ಪಟ್ಟಿಗಳು ಬಾಗುತ್ತವೆ.

ಆಯಿಲ್ ಕಡ್ಡಿಯ ಬಣ್ಣ ಸರಿಯಿದೆಯೇ?

ನೆಲದಲ್ಲಿ ಹೊಸ ಕಲೆ ಇದೆಯೇ?

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ನೀರು ಹಾಕಿದ ದಿನ, ಎಷ್ಟು ಹಾಕಿದಿರಿ, ಯಾವಾಗ ಬಿಸಿಯಾಯಿತು ಎಂಬುದನ್ನು ಹಾಲಿನ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಹಸು ಬೆದೆಗೆ ಬಂದ ದಿನ, ಗರ್ಭ ಕಟ್ಟಿಸಿದ ದಿನ ನೀವು ಬರೆದಿಟ್ಟುಕೊಂಡಿದ್ದರೆ ನಮ್ಮ ಕೆಲಸ ಎಷ್ಟು ಸುಲಭವಾಗುತ್ತದೋ, ಮೆಕ್ಯಾನಿಕ್‌ಗೂ ಅಷ್ಟೇ ಸುಲಭವಾಗುತ್ತದೆ. "ಗಾಡಿ ಬಿಸಿಯಾಗುತ್ತೆ" ಎನ್ನುವ ಬದಲು "ಹತ್ತು ದಿನದಿಂದ ಮೂರು ಲೀಟರ್ ನೀರು ಕುಡಿದಿದೆ, ಏರಿನಲ್ಲಿ ಮಾತ್ರ ಬಿಸಿಯಾಗುತ್ತೆ, ನೆಲದ ಮೇಲೆ ಹನಿ ಇಲ್ಲ" ಎಂದು ಹೇಳಿದರೆ, ಬೇಡದ ಭಾಗ ಬದಲಿಸಿ ದುಡ್ಡು ಕೇಳುವುದೂ ಕಷ್ಟ.

ಈಗ ನನ್ನ ಜೀಪಿನಲ್ಲೂ ಒಂದು ಪುಸ್ತಕ ಇದೆ. ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ನಿಮ್ಮ ಗಾಡಿಯ ಕೆಳಗೊಮ್ಮೆ ಬಗ್ಗಿ ನೋಡಿ. ಹನಿ ಕಂಡರೆ, ಎಷ್ಟು ದಿನದಿಂದ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಕರುವನ್ನು ಮಾತ್ರ ಆ ಜಾಗದಿಂದ ದೂರ ಕಟ್ಟಿ.

– ಪಶುವೈದ್ಯಾಧಿಕಾರಿ